ಶಾವಿಗೆ ಹಂಪಕ್ಕನ ಕಂದೀಲು

ಹೊಳೆದಂಡೆಯ ಜನ ಶಾವಿಗೆ ಹಂಪಕ್ಕನ ಬಗ್ಗೆ ಹೇಳುವ ಮಾತು ಸುಳ್ಳು. ಹೊಳೆ ಏರುತ್ತಿದೆ ಎಂದು ಗೊತ್ತಿದ್ದೂ ಗಿರಾಕಿಯ ಆಸೆಗೆ ದೀಪ ಉರಿಸಿಟ್ಟು, ಹೆತ್ತ ಮಗನನ್ನೇ ನೀರಿಗೆ ಕರೆದವಳು ಎನ್ನುತ್ತಾರೆ. ಹನ್ನೆರಡು ವರ್ಷ ಆ ಮಾತು ಕೇಳಿಸಿಕೊಂಡೂ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹಾಕಿಸಿದವಳು ಹಂಪಕ್ಕನೇ. ಈಗ ಅವಳಿಲ್ಲ. ಬೀಗ ತೆಗೆಯಿರಿ ಎಂದು ಹೇಳುವ ಹಕ್ಕಿದ್ದ ಇನ್ನೊಬ್ಬಳು ಹೇಳಿದ್ದಾಳೆ. ಹಾಗಾಗಿ ಬರೆಯುತ್ತಿದ್ದೇನೆ. ನಾನು ಬರವಣಿಗೆಯವನಲ್ಲ, ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು. ತಪ್ಪಿದ್ದರೆ ಸಹಿಸಿಕೊಳ್ಳಿ, ಸಹಿಸದಿದ್ದರೂ ನನಗೇನೂ ಬೇಸರವಿಲ್ಲ.

ತೊಂಬತ್ಮೂರರಿಂದ ಐದು ವರ್ಷ ನಾನು ಹರಪನಹಳ್ಳಿಯಿಂದ ಹಲವಾಗಲಿಗೆ ಹೋಗುವ ವಸತಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಆಗಿನ್ನೂ ಆ ತಾಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ರಾತ್ರಿ ಒಂಬತ್ತಕ್ಕೆ ಹೋಗಿ ಮುಟ್ಟಿದರೆ ಬೆಳಿಗ್ಗೆ ಆರಕ್ಕೆ ವಾಪಸು. ಊರು ದಾಟಿ ಹೊಳೆಯ ಕಡೆಗೆ ಒಂದು ಬೇವಿನ ಮರ, ಅದರ ಕೆಳಗೆ ಬಸ್ಸು ನಿಲ್ಲಿಸಿ ನಾನೂ ಡ್ರೈವರ್ ಶ್ರೀನಿವಾಸನೂ ಕೈಕಾಲು ತೊಳೆದು ಮರಳಿಗೆ ಇಳಿಯುತ್ತಿದ್ದೆವು. ಮರಳಿನ ಅಂಚಿನಲ್ಲೇ ಹಂಪಕ್ಕನ ಅಂಗಡಿ. ಜೋಳದ ದಂಟಿನ ತಡಿಕೆ, ಹುಲ್ಲಿನ ಚಾವಣಿ, ಒಳಗೆ ಒಂದು ಒಲೆ, ಹೊರಗೆ ಎರಡು ಬೆಂಚು. ಒಂದು ಕಡೆ ಪಾಕೀಟು ಸಾರಾಯಿ, ಇನ್ನೊಂದು ಕಡೆ ಕುದಿಯುವ ಮೀನಿನ ಸಾರು, ಅದರೊಳಗೆ ಶಾವಿಗೆ.

ಮೀನಿಗೆ ಶಾವಿಗೆಯೇ ಎಂದು ಮೂಗು ಮುರಿಯಬೇಡಿ. ನಾನೂ ಮುರಿದವನೇ. ನಾನು ಕೊಟ್ಟೂರಿನವನು, ನಮ್ಮಲ್ಲಿ ಶಾವಿಗೆ ಎಂದರೆ ಹಾಲು, ಬೆಲ್ಲ, ತುಪ್ಪ, ಅಳಿಯ ಮನೆಗೆ ಬಂದ ದಿನ. ಹಂಪಕ್ಕ ಅದನ್ನು ಖಾರದ ಮೀನಿನ ಸಾರಿಗೆ ಸುರಿದು, ಅಲ್ಯೂಮಿನಿಯಂ ತಟ್ಟೆಯಲ್ಲಿ ಹೊಗೆಯಾಡುವ ಹಾಗೇ ಮುಂದಿಡುತ್ತಿದ್ದಳು. ಮೊದಲ ದಿನ ಮುಖ ಕಿವುಚಿದೆ. ಎರಡನೆಯ ದಿನ ತಿಂದೆ. ಮೂರನೆಯ ದಿನ ಮಧ್ಯಾಹ್ನದಿಂದಲೇ ಬಾಯಲ್ಲಿ ನೀರು.

ಅದು ಹುಟ್ಟಿದ್ದು ಹೇಗೆಂದು ಒಮ್ಮೆ ಕೇಳಿದ್ದೆ.

“ನನ್ನ ಗಂಡ ಪಾಲಣ್ಣ ಸತ್ತ ವರ್ಷ ರೀ ಅದು. ಅಂಗಡಿ ಹಾಕಿ ಎಂಟು ದಿನ ಆಗಿತ್ತು. ಆಚಿ ದಂಡಿ ಭಟ್ಟಿಯವ್ರು ಹನ್ನೆರಡು ಮಂದಿ ಬಂದು ಕುಂತ್ರು, ಉಣ್ಣಾಕ ಹಾಕು ಅಂತ. ಅಕ್ಕಿ ನೋಡಿದ್ರ ತುಂಬೈತಿ. ಜ್ವಾಳದ ಹಿಟ್ಟೂ ತುಂಬೈತಿ. ಬ್ಯಾಸಿಗ್ಯಾಗ ಒಣಗಿಸಿಟ್ಟ ಶಾವಿಗಿ ಒಂದು ಗಡಿಗಿ ಇತ್ತು. ಸಾರಿಗೆ ಸುರುವಿದೆ. ಹಸಿದ ಹೊಟ್ಟಿಗೆ ಹಾಲಾದ್ರೇನು, ಮೀನಾದ್ರೇನು?”

ಶ್ರೀನಿವಾಸ ಮಂಡ್ಯದ ಕಡೆಯವನು. “ಅಕ್ಕಿ ತುಂಬಿತ್ತು ಅಂತೀರಾ, ಮತ್ತೆ ಅನ್ನ ಮಾಡೋಕೇನಾಗಿತ್ತು?” ಅಂದ.

ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವನಿಗೆ ನಾನು ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ದೀಪ ಹಚ್ಚುವ ಹೊತ್ತಿನಲ್ಲಿ ‘ಇಲ್ಲ’ ಎನ್ನುವ ಮಾತು ಬಾಯಿಂದ ಬರಬಾರದು. ಮನೆಯಲ್ಲಿ ಅಕ್ಕಿ ಮುಗಿದರೆ ‘ತುಂಬೈತಿ’. ಬಳೆ ಒಡೆದರೆ ‘ಹೆಚ್ಚ್ಯಾವ’. ದೀಪ ಆರಿಸುವುದಕ್ಕಂತೂ ‘ಆರಿಸು’ ಎಂದವನ ಬಾಯಿಗೆ ಹುಳ ಬೀಳುತ್ತದೆ. ‘ದೊಡ್ಡದು ಮಾಡು’ ಎನ್ನಬೇಕು. ಅದರಲ್ಲೂ ಹಂಪಕ್ಕನದು ಅಂಬಿಗರ ಮನೆ. ನೀರಿನ ಮೇಲೆ ಬದುಕುವವರು ಕೆಟ್ಟ ಮಾತಿಗೆ ನಮಗಿಂತ ಹೆಚ್ಚು ಹೆದರುತ್ತಾರೆ. ರಾತ್ರಿ ಹನ್ನೊಂದಾಯಿತೆಂದರೆ ಸೆರಗು ಬಿಗಿದು ಹಂಪಕ್ಕ ಎದ್ದು ನಿಲ್ಲುತ್ತಿದ್ದಳು.

“ದೀಪ ದೊಡ್ಡದು ಮಾಡ್ತೀನ್ರಿ, ಏಳ್ರಿ ಇನ್ನ.”

ಊದಿ ಕತ್ತಲು ಮಾಡಿಬಿಡುತ್ತಿದ್ದಳು. “ಇದ್ಯಾವ ಸೀಮೆ ದೊಡ್ಡದಪ್ಪಾ!” ಎಂದು ಶ್ರೀನಿವಾಸ ಮರಳಿನಲ್ಲಿ ಚಪ್ಪಲಿ ಹುಡುಕುತ್ತಿದ್ದ.

ಗಂಡನನ್ನು ತಿಂದ ಸಾರಾಯಿಯನ್ನೇ ಮಾರಿ ಮಗನನ್ನು ಸಾಕಿದಳು ಎಂದು ಆಗಲೂ ಆಡಿಕೊಳ್ಳುವವರಿದ್ದರು. ಅದು ನಿಜವೇ. ಪಾಲಣ್ಣ ಕುಡಿದು ಕುಡಿದು ಸತ್ತವನು. ಆದರೆ ಹಂಪಕ್ಕನ ಅಂಗಡಿಯಲ್ಲಿ ಯಾರಿಗೂ ಎರಡರ ಮೇಲೆ ಮೂರನೆಯ ಪಾಕೀಟು ಸಿಗುತ್ತಿರಲಿಲ್ಲ. ಹಿಂದೆ ರಾಶಿ ಬಿದ್ದಿದ್ದರೂ “ತುಂಬೈತಿ, ಶಾವಿಗಿ ಉಣ್ರಿ” ಎಂದು ತಟ್ಟೆ ಕೈಗಿಡುತ್ತಿದ್ದಳು. ಹೊಳೆ ದಾಟಿ ವಾಪಸು ಹೋಗಬೇಕಾದವರಿಗೆ ಎರಡನೆಯದಕ್ಕೂ ಕತ್ತರಿ. ಆಡಿಕೊಳ್ಳುವ ಯಾವ ಬಾಯಿಯೂ ಇದನ್ನು ಹೇಳಲಿಲ್ಲ.

ಹೊಳೆ ದಾಟಿಸುವವನು ಅವಳ ಮಗ ಮಾರೇಶ. ಇಪ್ಪತ್ನಾಲ್ಕರ ಹುಡುಗ, ಮಾತು ಕಮ್ಮಿ, ತೋಳು ಮಾತ್ರ ಒನಕೆ. ಆಚೆ ದಂಡೆ ರಾಣೆಬೆನ್ನೂರು ತಾಲೂಕು. ಅಲ್ಲಿ ಇಟ್ಟಿಗೆ ಭಟ್ಟಿ. ಭಟ್ಟಿಗೆ ಬೆಂಕಿ ಕೊಟ್ಟರೆ ಹಗಲೂ ರಾತ್ರಿ ಕಾಯಬೇಕು, ಕಾಯುವವರಿಗೆ ರಾತ್ರಿ ಹತ್ತರ ಮೇಲೆ ಹಸಿವು. ಮಾರೇಶ ಸಂಜೆಯೇ ಹರಿಗೋಲು ತೆಗೆದುಕೊಂಡು ಆ ಕಡೆ ಹೋಗಿ ಅವರ ಪಾಳಿ ಬದಲಾಗುವ ತನಕ ಕೂತಿದ್ದು, ಏಳೆಂಟು ಮಂದಿಯನ್ನು ಕರೆತರುತ್ತಿದ್ದ. ಉಂಡ ಮೇಲೆ ಮತ್ತೆ ಬಿಟ್ಟು ಬರುತ್ತಿದ್ದ.

ಅದಕ್ಕೊಂದು ಕಂದೀಲು. ಅಂಗಡಿಯ ಮುಂದೆ ಎತ್ತರದ ಬಿದಿರಿನ ಗಳ ನೆಟ್ಟು ಅದರ ತುದಿಗೆ ಕಂದೀಲು ಕಟ್ಟುತ್ತಿದ್ದಳು ಹಂಪಕ್ಕ. ಕತ್ತಲಲ್ಲಿ ಆ ಕಡೆಯಿಂದ ಹೊರಟವನಿಗೆ ಅದೊಂದೇ ಗುರುತು. ಅದನ್ನು ನೋಡಿಕೊಂಡು ಬಂದರೆ ಬಂಡೆ ತಪ್ಪಿ ಸರಿಯಾಗಿ ಮರಳಿಗೆ ಬಂದು ಹತ್ತುತ್ತದೆ ಹರಿಗೋಲು. ತಾಯಿ ಮಗನ ಕರಾರು ಇಷ್ಟೇ: ದೀಪ ಇದ್ದರೆ ಬಾ, ಇಲ್ಲದಿದ್ದರೆ ಭಟ್ಟಿಯಲ್ಲೇ ಮಲಗು. ಒಂದೆರಡು ಸಲ ಗಾಳಿ ಜೋರಾದಾಗ ಅವಳು ದೀಪ ತೆಗೆದದ್ದನ್ನೂ, ಮಾರೇಶ ಮರುದಿನ ಬೆಳಿಗ್ಗೆ ನಗುತ್ತಾ ಬಂದದ್ದನ್ನೂ ನಾನೇ ನೋಡಿದ್ದೇನೆ.

ತೊಂಬತ್ತಾರರ ಬೇಸಿಗೆಯಲ್ಲಿ ಮಾರೇಶನಿಗೆ ಮದುವೆಯಾಯಿತು. ಹುಡುಗಿ ಎರ್ರಮ್ಮ, ಕಲ್ಯಾಣದುರ್ಗದ ಆಚೆಯವಳು. ತಂದೆತಾಯಿ ಇಲ್ಲದೆ ಸೋದರಮಾವನ ಮನೆಯಲ್ಲಿ ಬೆಳೆದವಳು. ಮಾತೆಲ್ಲ ತೆಲುಗು, ಕನ್ನಡ ಅಲ್ಲೊಂದು ಇಲ್ಲೊಂದು. ಗಂಡನ ಮನೆಗೆ ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ. ಹಂಪಕ್ಕ ಸೊಸೆಯನ್ನು ಒಲೆಯ ಹತ್ತಿರ ಕೂರಿಸಿಕೊಂಡು, “ಇದು ಸೌಟು. ಅನ್ನು, ಸೌಟು” ಎಂದು ಕಲಿಸುತ್ತಿದ್ದಳು. ಎರ್ರಮ್ಮ “ಸವಟು” ಅನ್ನುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ನಗುತ್ತಿದ್ದರು. ಹೊಸ ಸೊಸೆಯೆಂದು ಅಂಗಡಿ ಮುಚ್ಚುವುದಕ್ಕೆ ಮೊದಲೇ ಅವಳನ್ನು ಮನೆಗೆ ಮಲಗಲು ಕಳಿಸಿಬಿಡುತ್ತಿದ್ದಳು. ನಾನು ಅಂಥ ಅತ್ತೆ ಸೊಸೆಯನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

“ಕಂಡಕ್ಟ್ರೇ, ಹಡಗಲಿ ಬಸ್ಸಿನ್ಯಾರ ಕೈಲಿ ಒಂದು ದಂಡಿ ಮಲ್ಲಿಗಿ ತರಿಸಿಕೊಡ್ರಿ. ಹೊಸ ಸೊಸಿ, ತಲಿ ಬೋಳು ಇರಬಾರ್ದು,” ಎಂದಳು ಒಂದು ದಿನ.

ಆ ಮಲ್ಲಿಗೆ ತಂದ ದಿನವೇ ಅದು. ಜೂನ್ ತಿಂಗಳು, ಮಿರಗದ ಮಳೆಯ ಹೊತ್ತು. ನಮ್ಮ ಕಡೆ ಮಾತ್ರ ಒಂದು ಹನಿ ಇಲ್ಲ, ಆಕಾಶದ ತುಂಬ ಚುಕ್ಕಿ. ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಹಡಗಲಿಯವನಿಂದ ಬಾಳೆಲೆಯ ಪೊಟ್ಟಣ ಇಸಿದುಕೊಳ್ಳುತ್ತಿದ್ದಾಗ ಹರಿಹರದ ಕಡೆಯಿಂದ ಬಂದ ಡ್ರೈವರ್ ಒಬ್ಬ ಟೀ ಕುಡಿಯುತ್ತ ಹೇಳಿದ: “ಮಲೆನಾಡಾಗ ಭಾರಿ ಹೊಡದೈತಂತ. ಹೊಳಿಗೆ ಹೊಸ ನೀರು ಕೆಂಪಗ ಬರಾಕತ್ತೈತಿ. ಒಂದಾಳು ಏರೈತಿ ಆಗ್ಲೇ.” ನಾನು ಕೇಳಿದೆ, ಚಿಲ್ಲರೆ ಎಣಿಸುವ ಗಡಿಬಿಡಿಯಲ್ಲಿ ಮರೆತೆ. ದಾರಿಯುದ್ದಕ್ಕೂ ಮರೆತಿದ್ದೆ. ನನ್ನ ಮೊದಲ ತಪ್ಪು ಅದು.

ಒಂಬತ್ತೂಕಾಲಕ್ಕೆ ಅಂಗಡಿಗೆ ಹೋದೆವು. ಮಲ್ಲಿಗೆ ಕೊಟ್ಟೆ. ಎರ್ರಮ್ಮ ನಾಚಿಕೊಂಡೇ ಮುಡಿದಳು. ಮಾರೇಶ ಸಂಜೆಯೇ ಆಚೆ ದಂಡೆಗೆ ಹೋಗಿದ್ದ. ಮಳೆ ಹಿಡಿಯುವುದರೊಳಗೆ ಕೊನೆಯ ಭಟ್ಟಿ ಸುಟ್ಟು ಮುಗಿಸಬೇಕೆಂದು ಆ ಕಡೆ ಅವಸರ ನಡೆದಿತ್ತು. ನನ್ನ ಬೆನ್ನಿಗೇ ಕಂದೀಲಿನ ಗಳ. ಎರಡು ತುತ್ತು ಶಾವಿಗೆ ತಿಂದ ಮೇಲೆ ನನಗೆ ನೆನಪಾಯಿತು.

“ಹಂಪಕ್ಕ, ಹರಿಹರದಾಗ ಹೊಸ ನೀರು ಬಂದೈತಂತಲ್ಲ. ಒಂದಾಳು ಏರೈತಂತ.”

ಅವಳ ಕೈಯ ಸೌಟು ನಿಂತಿತು. “ಯಾವಾಗ ಹೇಳಿದ್ರು?”

“ಆರೂವರಿ ಇರಬೇಕು.”

ಅವಳು ನೇರ ನೀರಿಗೆ ಇಳಿದು, ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡಿದಳು. ಓಡುತ್ತ ಮೇಲೆ ಬಂದಳು.

“ನೀರು ಮಣ್ಣು ನಾರಾಕತ್ತೈತಿ. ಬಂತ್ರಿ, ಬಂದುಬಿಡ್ತು! ಡ್ರೈವರಣ್ಣ, ಬಸ್ಸು ತಗೀರಿ. ಕೆಳಗ ತಗ್ಗಿನ್ಯಾಗ ಕುರಿಯವ್ರು ಹಟ್ಟಿ ಹಾಕ್ಯಾರ. ಸಣ್ಣ ಮಕ್ಳು ಅದಾವು. ಮಕ್ಕೊಂಡಿರ್ತಾವು!”

ನಾವು ತಟ್ಟೆ ಬಿಟ್ಟು ಎದ್ದೆವು. ಹಂಪಕ್ಕ ನಮ್ಮ ಮುಂದೆಯೇ ಬೇವಿನ ಮರದ ಕಡೆ ಓಡುತ್ತ, ಹೆಗಲ ಮೇಲಿಂದ ಸೊಸೆಗೆ ಕೂಗಿ ಹೇಳಿದಳು:

“ಎರ್ರವ್ವಾ, ದೀಪ ದೊಡ್ಡದು ಮಾಡು! ಲಗೂನ ಮಾಡವ್ವಾ, ದೊಡ್ಡದು ಮಾಡು!”

ನಾನು ಅದನ್ನು ಕಿವಿಯಾರೆ ಕೇಳಿದೆ. ಸರಿಯಾಗಿಯೇ ಹೇಳಿದಳು ಅನ್ನಿಸಿತು. ಮಾರೇಶ ಈ ರಾತ್ರಿ ಭಟ್ಟಿಯಲ್ಲಿ ಮಲಗುತ್ತಾನೆ ಎಂದುಕೊಂಡೇ ಬಸ್ಸು ಹತ್ತಿದೆ. ಗಳ ನನ್ನ ಬೆನ್ನ ಹಿಂದೆಯೇ ಇತ್ತು. ಗಳ ಬಗ್ಗಿಸಿ ಕಂದೀಲು ಇಳಿಸಿ ಉಫ್ ಎಂದಿದ್ದರೆ ಮುಗಿದಿತ್ತು. ಅದು ನನ್ನ ಎರಡನೆಯ ತಪ್ಪು.

ಬಂಡಿದಾರಿಯಲ್ಲಿ ಮುಕ್ಕಾಲು ಮೈಲಿ ಬಸ್ಸು ಕುಣಿದುಕೊಂಡು ಹೋಯಿತು. ಶ್ರೀನಿವಾಸ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ಹಂಪಕ್ಕ ಬಾಗಿಲಲ್ಲಿ ಜೋತುಬಿದ್ದು ಕೂಗುತ್ತಿದ್ದಳು. ಕುರಿಗಾರರು ಬಡಿಗೆ ಹಿಡಿದು ಎದ್ದರು, ಕಳ್ಳರು ಬಂದರೆಂದು. ವಿಷಯ ತಿಳಿದ ಮೇಲೆ ಮಕ್ಕಳನ್ನು ಬಸ್ಸಿಗೆ ತುಂಬಿ ದಿಬ್ಬಕ್ಕೆ ಮುಟ್ಟಿಸಿದೆವು, ಕುರಿಗಳನ್ನೂ ಅಲ್ಲಿಗೇ ಹೊಡೆದರು. ಕಡೆಯ ಕುರಿ ಹತ್ತುವಾಗ ಹಟ್ಟಿಯ ಬೂದಿಗುಡ್ಡೆಯ ಮೇಲೆ ನೀರು ಹರಿಯುತ್ತಿತ್ತು. ಮಕ್ಕಳೂ ದೊಡ್ಡವರೂ ಸೇರಿ ಹನ್ನೊಂದು ಮಂದಿ. ಆ ಹನ್ನೊಂದು ಮಂದಿಯ ವಿಷಯ ಹೊಳೆದಂಡೆಯ ಯಾವ ನಾಲಗೆಯ ಮೇಲೂ ಇಲ್ಲ. ಕುರಿಗಾರರು ಮರುದಿನವೇ ಬೇರೆ ಕಡೆ ಹೊರಟುಹೋದರು.

ವಾಪಸು ಬರುವಾಗ ತಿರುವಿನಲ್ಲಿ ನಾನು ಅದನ್ನು ನೋಡಿದೆ. ಅಷ್ಟು ದೊಡ್ಡ ಬೆಳಕನ್ನು ಆ ಗಳದ ಮೇಲೆ ನಾನು ಎಂದೂ ಕಂಡಿರಲಿಲ್ಲ.

ಎರ್ರಮ್ಮ ಗಾಜನ್ನು ಸೆರಗಿನಿಂದ ಫಳಫಳ ಒರೆಸಿ, ಬತ್ತಿ ಪೂರಾ ಏರಿಸಿ, ಗಳಕ್ಕೆ ಇನ್ನೊಂದು ಬಿದಿರು ಜೋಡಿಸಿ ಕಟ್ಟಿ, ಕಂದೀಲನ್ನು ಇನ್ನೂ ಒಂದಾಳು ಎತ್ತರಕ್ಕೆ ಏರಿಸಿದ್ದಳು. ಹೊಸ ನೀರು ಬಂದಿದೆ, ಗಂಡ ಆ ಕಡೆ ಇದ್ದಾನೆ, ಅತ್ತೆ ದೀಪ ದೊಡ್ಡದು ಮಾಡು ಅಂದಿದ್ದಾಳೆ. ಅವನಿಗೆ ದಾರಿ ಚೆನ್ನಾಗಿ ಕಾಣಲಿ, ಬೇಗ ಮನೆ ಸೇರಲಿ ಎಂದು ಅವಳು ತಿಳಿದಳು. ಬೇರೆ ಏನು ತಿಳಿಯಬೇಕಿತ್ತು? ಗಳದ ಕೆಳಗೆ ಮಲ್ಲಿಗೆ ಮುಡಿದು ನಿಂತಿದ್ದವಳು ನಮ್ಮನ್ನು ಕಂಡು ಮುಖ ಅರಳಿಸಿದಳು.

“ದೊಡ್ಡದು ಮಾಡಿನತ್ತೀ,” ಎಂದಳು.

ಹಂಪಕ್ಕ ಗಳಕ್ಕೆ ಹಾರಿ ಬಿದ್ದು, ಇಡೀ ಗಳವನ್ನೇ ಕಿತ್ತು ಬಗ್ಗಿಸಿ, ಕಂದೀಲನ್ನು ಮರಳಿಗೆ ಒತ್ತಿದಳು. ಗಾಜು ಒಡೆಯಿತು. ಕತ್ತಲು. ಅದು ಆಚೆಯವನಿಗೆ ‘ಬರಬೇಡ’ ಎಂಬ ಮಾತು. ಇನ್ನೂ ಹೊರಟಿರದಿದ್ದರೆ ಅದು ಸರಿಯಾದ ಕೆಲಸವೇ.

ಅವನು ಹೊರಟಿದ್ದ. ನೀರಿನ ಭೋರೆಂಬ ಸದ್ದಿನ ನಡುವೆ, ನಟ್ಟನಡುವೆ ಎಲ್ಲೋ, ಮಾರೇಶನ ದನಿ ಕೇಳಿತು.

“ಅವ್ವಾ, ದೀಪಾ! ದೀಪ ತೋರ್ಸಬೇ!”

ಹಂಪಕ್ಕ ಒಲೆಗೆ ಓಡಿದಳು. ಕೊಳ್ಳಿ ತಂದಳು, ಗಾಳಿಗೆ ಆರಿತು. ನಾನು ಕಡ್ಡಿ ಗೀರಿದೆ, ಒಂದು, ಎರಡು, ಮೂರು. ಗಾಜಿಲ್ಲದ ಬತ್ತಿ ಹೊತ್ತಲಿಲ್ಲ. ಶ್ರೀನಿವಾಸ ಬೇವಿನ ಮರದ ಕೆಳಗಿದ್ದ ಬಸ್ಸಿನ ಹೆಡ್‌ಲೈಟ್ ಹಾಕಲು ಓಡಿದ. ಕಡೆಗೆ ಹಂಪಕ್ಕ ಚಾವಣಿಯ ಹುಲ್ಲು ಹಿರಿದು ಒಲೆಗೆ ಒಡ್ಡಿ, ಉರಿಯುವ ಸಿವುಡನ್ನು ಬರಿಗೈಯಲ್ಲಿ ಎತ್ತಿ ಹಿಡಿದು ಸೊಂಟದ ಮಟ್ಟ ನೀರಿಗೆ ಇಳಿದಳು. ಇಷ್ಟೆಲ್ಲ ಆಗಲು ಎಷ್ಟು ಹೊತ್ತು? ಒಂದು ಬೀಡಿ ಸೇದುವಷ್ಟೂ ಇಲ್ಲ. ಆದರೆ ಆಮೇಲೆ ದನಿ ಬರಲಿಲ್ಲ. ಮಗನ ಹೆಸರು ಹಿಡಿದು ಕರೆಯುತ್ತಲೇ ಇದ್ದ ಅವಳನ್ನು ನಾವಿಬ್ಬರೂ ತೋಳು ಹಿಡಿದು ಎಳೆದು ತಂದೆವು. ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು.

ಹೆಣ ಮೂರನೆಯ ದಿನ ಸಿಕ್ಕಿತು, ಎರಡು ಊರು ಕೆಳಗೆ, ಜಾಲಿಯ ಮೆಳೆಯಲ್ಲಿ. ನೀರು ಇಳಿದ ಮೇಲೆ ಆಚೆ ದಂಡೆಯ ಭಟ್ಟಿಯ ಬೆನಕಪ್ಪ ಬಂದು ನಡೆದದ್ದು ಹೇಳಿದ. ನೀರು ಏರುವುದು ಕಂಡು ಮಾರೇಶ ಹರಿಗೋಲು ಮೇಲಕ್ಕೆ ಎಳೆದು ಕಟ್ಟಿದ್ದನಂತೆ, ಮಲಗಲು ಚಾಪೆಯೂ ಹಾಸಿದ್ದನಂತೆ. “ಆಮ್ಯಾಲೆ ದೀಪ ಎತ್ತರ ಏರಿದ್ದು ನೋಡಿದ. ‘ಅವ್ವ ಹಿಂಗ ಎಂದೂ ಮಾಡಿಲ್ಲ. ಮನ್ಯಾಗ ಏನೋ ಆಗೇತಿ, ಕರಿಯಾಕತ್ತ್ಯಾಳ’ ಅಂದ. ನಾವು ಬ್ಯಾಡಂದ್ವಿ. ಕೇಳಲಿಲ್ರಿ,” ಎಂದು ಬೆನಕಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಅವನನ್ನು ಕೊಂದದ್ದು ದೊಡ್ಡದಾದ ದೀಪವೋ ಆರಿಹೋದ ದೀಪವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಡುರಾತ್ರಿ ಎಚ್ಚರವಾದರೆ ಅದನ್ನೇ ಯೋಚಿಸುತ್ತೇನೆ. ಮೂರು ಕಡ್ಡಿ ಗೀರಿದ ಕೈ ಇದೇ.

ಮಣ್ಣು ಮಾಡಿದ ರಾತ್ರಿ ಹಂಪಕ್ಕ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದಳು. ಕೈಗೆ ಎಣ್ಣೆ ಬಟ್ಟೆ ಸುತ್ತಿಕೊಂಡಿದ್ದಳು. ಅಳುತ್ತಿರಲಿಲ್ಲ.

“ಕಂಡಕ್ಟ್ರೇ, ಅವತ್ತು ನಾ ಏನಂದೆ ಅನ್ನೋದು ಕೇಳಿದವ್ರು ನೀವಿಬ್ರ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬತ್ತಿ ಏರ್ಸು ಅಂತ ನಾನ ಹೇಳಿದ್ನಿ. ಊರಿಗೆ ಹಂಗಂತ ಹೇಳೀನಿ.”

“ಹಂಪಕ್ಕ, ಊರು ನಿನ್ನ ಬಾಯಿಗೆ ಮಣ್ಣು ಹಾಕ್ತೈತಿ.”

“ಹಾಕ್ಲಿ. ಆ ಕೂಸಿಗೆ ಹದಿನೆಂಟು ವರ್ಷ. ದೊಡ್ಡದು ಮಾಡು ಅಂದ್ರ ಏನಂತ ಗೊತ್ತಾದ ದಿನ ಆಕಿ ಉಳಿಯಂಗಿಲ್ಲ. ಹೊಳಿ ಬಾಜೂಕ ಐತಿ. ಉಳಿದ್ರೂ ಊರು ಉಳಸಂಗಿಲ್ಲ, ಗಂಡನ್ನ ತಿಂದಾಕಿ ಅಂತಾರ. ಒಂದು ಹೆಣ ಹೊತ್ತೀನಿ. ಎರಡನೇದು ಹೊರಾಕ ನನ್ನ ಕೈಲಾಗಂಗಿಲ್ಲ.” ಬಟ್ಟೆ ಸುತ್ತಿದ ಕೈ ನೋಡಿಕೊಂಡು ಅಂದಳು: “ಮತ್ತ ಆರಿಸಿದ್ದು ನಾನಲ್ಲೇನ್ರಿ?”

ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಒಲೆಯ ಕಲ್ಲು ಮುಟ್ಟಿಸಿ ನನ್ನಿಂದಲೂ ಶ್ರೀನಿವಾಸನಿಂದಲೂ ಆಣೆ ಹಾಕಿಸಿಕೊಂಡಳು.

ಆಮೇಲೆ ನಡೆದದ್ದನ್ನು ನೋಡಿ ನನ್ನ ರಕ್ತ ಕುದಿಯುತ್ತಿತ್ತು. ಹಂಪಕ್ಕ ನೀರು ತರಲು ಹೋದರೆ ಹೆಂಗಸರು ಮಕ್ಕಳನ್ನು ಒಳಕ್ಕೆ ಕರೆದುಕೊಳ್ಳುತ್ತಿದ್ದರು. ಅವಳ ಶಾವಿಗೆ ಉಂಡು ಬೆಳೆದ ಗಂಡಸರೇ “ಮಗನಿಗಿಂತ ಪಾಕೀಟು ಹೆಚ್ಚಾತು ಮುದುಕಿಗೆ” ಎಂದು ಅದೇ ಬೆಂಚಿನ ಮೇಲೆ ಕೂತು ಅದೇ ಪಾಕೀಟಿನ ತುದಿ ಕಚ್ಚಿ ಹೇಳುತ್ತಿದ್ದರು. ಎರ್ರಮ್ಮನ ಬಾಯಂತೂ ಬೆಂಕಿ. ಅತ್ತೆ ಹೇಳಿದ ಹಾಗೆ ಮಾಡಿ ಗಂಡನನ್ನು ಕಳೆದುಕೊಂಡೆನೆಂಬ ಸಂಕಟ ಅವಳಿಗೆ. ತಟ್ಟೆ ಎಸೆದು, ಗಿರಾಕಿಗಳ ಎದುರಿಗೇ ಕೂಗುತ್ತಿದ್ದಳು: “ದೀಪಂ ಪೆಂಚಮಂಟಿವಿ ಕದಾ! ನುವ್ವೇ ಕದಾ!” ಪೆಂಚು ಎಂದರೆ ಏರಿಸು. ಬತ್ತಿ ಏರಿಸು ಅಂದೆಯಲ್ಲ, ನೀನೇ ಅಲ್ಲವೇ ಎಂದು. ಅವಳು ತೆಲುಗಿನಲ್ಲಿ ಬೈದದ್ದರಿಂದ ಗುಟ್ಟು ಉಳಿಯಿತು. ಹಂಪಕ್ಕ ಅಂದ ‘ದೊಡ್ಡದು ಮಾಡು’ ಎಂಬ ಮಾತನ್ನೇ ಕನ್ನಡದಲ್ಲಿ ಹೇಳಿದ್ದರೆ ಊರಿಗೆ ಅರ್ಥವಾಗಿಬಿಡುತ್ತಿತ್ತು. ಹಂಪಕ್ಕ ತಲೆ ಬಗ್ಗಿಸಿ ಸಾರು ತಿರುವುತ್ತಿದ್ದಳು.

ಗಳ ಮತ್ತೆ ನೆಡಲಿಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ಹಂಪಕ್ಕ ಸೊಸೆಗೆ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು:

“ದೀಪ ಆರ್ಸವ್ವ.”

ಬೆಂಚಿನವರು ಬೆಚ್ಚಿಬಿದ್ದು ಉಗುಳುತ್ತಿದ್ದರು. ಅಂಬಿಗರ ಹೆಂಗಸು ದೀಪಕ್ಕೆ ‘ಆರಿಸು’ ಅನ್ನುವುದೆಂದರೇನು! ಮುದುಕಿಗೆ ದೇವರೂ ಇಲ್ಲ ದಿಂಡರೂ ಇಲ್ಲ ಎಂದು ತೀರ್ಮಾನವಾಯಿತು. ನನಗೆ ಮಾತ್ರ ಗೊತ್ತಿತ್ತು. ಹಳೆಯ ಮಾತು ಆ ಮನೆಯಲ್ಲಿ ಇನ್ನೊಮ್ಮೆ ಹುಟ್ಟಬಾರದು, ಸೊಸೆ ಅದರ ಅರ್ಥ ಕಲಿಯಬಾರದು. ಅಷ್ಟಕ್ಕಾಗಿ ಅವಳು ದಿನಾ ರಾತ್ರಿ ಕೆಟ್ಟ ಮಾತಾಡುತ್ತಿದ್ದಳು.

ತೊಂಬತ್ತೆಂಟರಲ್ಲಿ ನನಗೆ ಕೂಡ್ಲಿಗಿ ಡಿಪೋಗೆ ವರ್ಗವಾಯಿತು. ಶ್ರೀನಿವಾಸ ಊರ ಕಡೆ ಹೋದ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಭಟ್ಟಿಯವರು ಬರುವುದು ಬಿಟ್ಟರು, ಮರಳಿನ ಲಾರಿಯವರು ಬಂದರು. ಎರಡು ಸಾವಿರದ ಏಳರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಶಾವಿಗೆ ಮಾತ್ರ ಉಳಿಯಿತು. ಪ್ರತಿ ಸಲವೂ ಎರ್ರಮ್ಮ ಅತ್ತೆಯನ್ನು ಬೈಯುತ್ತಲೇ ಇದ್ದಳು. ಈಗ ಕನ್ನಡದಲ್ಲೇ, ನಮ್ಮ ಹೊಳೆದಂಡೆಯ ಕನ್ನಡದಲ್ಲೇ ಬೈಗುಳ. ಆದರೆ ದೀಪದ ಮಾತಿಗೆ ಬಂದಾಗ ತೆಲುಗಿಗೆ ಹೊರಳುತ್ತಿದ್ದಳು. ಅದೇಕೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ, ದಡ್ಡ ನಾನು.

ಹಂಪಕ್ಕ ಸತ್ತ ಸುದ್ದಿ ಹೋದ ವರ್ಷ ಬಂತು. ನಾನು ಹೋಗಿ ಮುಟ್ಟುವ ಹೊತ್ತಿಗೆ ಐದು ದಿನವಾಗಿತ್ತು. ಎರ್ರಮ್ಮ ಒಬ್ಬಳೇ ಒಲೆಯ ಮುಂದೆ ಕೂತಿದ್ದಳು. ಮೂವತ್ತರ ಹೆಂಗಸಿಗೆ ಕೂದಲು ಅರ್ಧ ನರೆತಿತ್ತು. ಅವಳನ್ನು ನೋಡಿ ನನಗೆ ಸಿಟ್ಟೇ ಬಂತು. ಮುದುಕಿ ಹೋದಳು, ಇನ್ನಾದರೂ ಹೇಳಿಬಿಡಬೇಕು, ಇವಳ ಬೈಗುಳ ತಿಂದುಕೊಂಡೇ ಸತ್ತವಳು ಎಂಥವಳೆಂದು ಇವಳಿಗೆ ತಿಳಿಯಬೇಕು ಅನ್ನಿಸಿ, “ಎರ್ರಮ್ಮ, ನಿಮ್ಮ ಅತ್ತಿ ಬಗ್ಗೆ ನಿನಗೊಂದು ಮಾತು…” ಎಂದು ಬಾಯಿ ತೆಗೆದೆ.

“ದೀಪದ್ದೇನ್ರಿ ಅಣ್ಣ?” ಅಂದಳು. “ನನಗ ಗೊತ್ತೈತಿ.”

ಒಲೆಯ ಹತ್ತಿರ ನನಗೆ ಮಣೆ ಸರಿಸಿ ಹೇಳತೊಡಗಿದಳು.

“ಹತ್ತು ವರ್ಷಾತು ಗೊತ್ತಾಗಿ. ನಮ್ಮ ಓಣಿ ಜಂಬಕ್ಕನ ಮನಿಗೆ ಹಿಟ್ಟಿಗೆ ಹೋಗಿದ್ದೆ. ಆಕಿ ಮೊಮ್ಮಗಳಿಗೆ ದೀಪ ದೊಡ್ಡದು ಮಾಡವ್ವ ಅಂದ್ಳು. ಹುಡುಗಿ ಊದಿ ಆರಿಸಿಬಿಟ್ಳು. ನಾನು ಕತ್ತಲ್ಯಾಗ ನಿಂತಿದ್ದೆ. ನಮ್ಮ ಕಡಿ ದೀಪ ಆರಿದ್ರ ಕೊಂಡೆಕ್ಕಿಂದಿ ಅಂತೀವ್ರಿ, ಗುಡ್ಡ ಹತ್ತಿತು ಅಂತ. ನಿಮ್ಮ ಕಡಿ ದೊಡ್ಡದು ಮಾಡೋದು ಅಂತಾರ. ಅವತ್ತು ತಿಳಿತು, ನನ್ನ ಗಂಡನ್ನ ಕೊಂದಾಕಿ ನಾನು ಅಂತ.”

ಒಲೆಯ ಬೆಂಕಿ ಮುಂದಕ್ಕೆ ಸರಿಸಿದಳು.

“ನೆಟ್ಟಗ ಹೊಳಿಗೆ ಹೋದ್ನಿ. ಎದಿ ಮಟ ಇಳಿದಿದ್ದೆ. ಹಿಂದಲಿಂದ ಅತ್ತಿ ಕರದ್ಳು, ಎರ್ರವ್ವಾ, ಶಾವಿಗಿ ಆರತೈತಿ ಬಾ ಅಂತ. ಆಕಿಗೆ ಏನೂ ಗೊತ್ತಿಲ್ಲ, ನಾನು ನೀರು ತರಾಕ ಬಂದೀನಿ ಅಂದ್ಕೊಂಡಾಳ. ನಾ ಸತ್ರ ಆಕಿ ಎರಡು ವರ್ಷ ಹೊತ್ತಿದ್ದೆಲ್ಲ ಸುಳ್ಳಾಗ್ತೈತಿ ಅನ್ನಿಸ್ತು. ತಿರುಗಿ ಬಂದು ಉಂಡೆ.”

“ಮತ್ತ ಆಕಿಗೆ ಹೇಳಬಾರದಿತ್ತೇನವ್ವ? ಕಾಲಿಗೆ ಬಿದ್ದಿದ್ರ ಮುದುಕಿ ಹಗುರಾಗತಿದ್ಳು.”

“ಹಗುರಾಗತಿರಲಿಲ್ರಿ. ನನಗ ಗೊತ್ತಾಗಬಾರ್ದು ಅಂತಾನ ಆಕಿ ಬದುಕಿದ್ಳು. ಗೊತ್ತಾತು ಅಂದಿದ್ರ ದಿನಾ ರಾತ್ರಿ ನನ್ನ ಕಾವಲು ಕಾಯ್ತಿದ್ಳು, ಹೊಳಿಗೆ ಹೋಗ್ತೀನಿ ಅಂತ.” ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಬೈಯೋದು ಬಿಟ್ರ ಆಕಿಗೆ ತಿಳೀತೈತಿ. ಅದಕ್ಕ ಬಿಡಲಿಲ್ಲ. ಹತ್ತು ವರ್ಷ ದಿನಾ ಬೈದ್ನಿ. ಕಡೀ ದಿನ ನೀರು ಕುಡಿಸಿದಾಗೂ ಬೈದ್ನಿ. ಬೈಸಿಕೊಂಡ ನಕ್ಕೋತ ಹೋದ್ಳು.”

ಹೊಳೆಯ ಮೇಲೆ ಕತ್ತಲು ಕೂರುತ್ತಿತ್ತು. ಎರ್ರಮ್ಮ ಎದ್ದು ತಟ್ಟೆಗೆ ಶಾವಿಗೆ ಬಡಿಸಿ ನನ್ನ ಮುಂದಿಟ್ಟಳು.

“ನೀವು ಇನ್ನ ಹೇಳ್ರಿ ಅಣ್ಣ, ಎಲ್ಲಾರಿಗೂ. ಆಕಿ ಏನಂದಿದ್ಳು, ನಾ ಏನು ಮಾಡಿದೆ ಅಂತ. ಊರು ಬೈಯೋದಾದ್ರ ನನ್ನ ಬೈಲಿ. ಬೈಸಿಕೊಳ್ಳಾಕ ಈಗ ನಾನೊಬ್ಬಾಕೀನ ಉಳದೀನಿ.”

ಅವಳು ಹೇಳಿದಂತೆ ಹೇಳಿದ್ದೇನೆ. ಬೈಯುವವರು ನನ್ನನ್ನೂ ಮರೆಯದಿರಲಿ, ಕಂದೀಲು ನನ್ನ ಬೆನ್ನಿಗೇ ಇತ್ತು.